ಮೊದಲ ಹೂವಿನ ಜಾಡಿನಲ್ಲಿ ಬಸವನಗುಡಿಯ ಸ್ವಾಮಿ

ಬಸವನಗುಡಿ, ಜಯನಗರ, ಬನಶಂಕರಿ ಕಡೆಯ ಹಳೆಯ ಮನೆಗಳ ಪುಸ್ತಕದ ಕಪಾಟು ತಡಕಿದರೆ ಬಿ.ಜಿ.ಎಲ್. ಸ್ವಾಮಿಯವರ ಒಂದಾದರೂ ಪುಸ್ತಕ ಕೈಗೆ ಸಿಗುತ್ತದೆ. ‘ಹಸುರು ಹೊನ್ನು’ ಇಲ್ಲದಿದ್ದರೆ ‘ಕಾಲೇಜು ರಂಗ’, ಅದೂ ಇಲ್ಲದಿದ್ದರೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಅವರ ಮಾತು ಬಂತೆಂದರೆ ಓದಿದವರ ಮುಖದಲ್ಲಿ ಮೊದಲು ನಗು ಮೂಡುತ್ತದೆ, ಮಾತು ಆಮೇಲೆ ಬರುತ್ತದೆ. ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರದ ಮೇಷ್ಟ್ರು, ವಿನೋದದ ಬರಹಗಾರ. ಇಷ್ಟು ಎಲ್ಲರಿಗೂ ಗೊತ್ತು. ಆ ಮೇಷ್ಟ್ರು ಸಸ್ಯಶಾಸ್ತ್ರದಲ್ಲಿ ಕಂಡುಹಿಡಿದದ್ದೇನು ಎಂದು ಕೇಳಿದರೆ ಮಾತ್ರ ಮಾತು ನಿಂತುಹೋಗುತ್ತದೆ. ‘ಏನೋ ಹಾರ್ವರ್ಡಿಗೆ ಹೋಗಿದ್ದರಂತೆ’ ಎಂಬಲ್ಲಿಗೆ ನಮ್ಮ ತಿಳಿವಳಿಕೆ ಮುಗಿಯುತ್ತದೆ.

ಇದು ಸಣ್ಣ ಕೊರತೆಯಲ್ಲ. ಭೂಮಿಯ ಮೇಲೆ ಇಂದು ಇರುವ ಸುಮಾರು ಮೂರು ಲಕ್ಷ ಬಗೆಯ ಹೂಗಿಡಗಳಲ್ಲಿ ತೀರಾ ಹಳೆಯ ಕವಲು ಯಾವುದು ಎಂಬ ಪ್ರಶ್ನೆಗೆ ಈಗ ಸಿಕ್ಕಿರುವ ಉತ್ತರದ ಗಿಡವನ್ನು, ಉತ್ತರ ಸಿಗುವ ಐವತ್ತು ವರ್ಷ ಮೊದಲೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಇಂಚಿಂಚೂ ನೋಡಿದ ಇಬ್ಬರಲ್ಲಿ ಒಬ್ಬರು ನಮ್ಮ ಸ್ವಾಮಿ. ಆ ಪ್ರಬಂಧ ಅಚ್ಚಾದದ್ದು 1948ರಲ್ಲಿ, ಹಾರ್ವರ್ಡಿನ ಆರ್ನಲ್ಡ್ ಸಸ್ಯೋದ್ಯಾನದ ನಿಯತಕಾಲಿಕದಲ್ಲಿ. ಇತ್ತ ಬೆಂಗಳೂರಿನಲ್ಲಿ ಲಾಲ್‌ಬಾಗಿನ ಆಚೆಗೆ ಜಯನಗರ ಬಡಾವಣೆ ಹುಟ್ಟಿದ್ದೂ ಅದೇ ವರ್ಷ.

ಸ್ವಾಮಿಯವರ ಸಂಶೋಧನೆ ಶುರುವಾದದ್ದು ಸೆಂಟ್ರಲ್ ಕಾಲೇಜಿನಲ್ಲಿ, ಆರ್ಕಿಡ್‌ಗಳಿಂದ. ನಮ್ಮ ಮಲೆನಾಡಿನವರು ಸೀತಾಳೆ ಎಂದು ಮುಡಿಯುವ ಹೂವಿನ ಕುಲ ಅದು. ನೋಡಲು ಚಂದ, ಒಳಗೆ ವಿಚಿತ್ರ. ಒಂದೊಂದು ಕಾಯಿಯಲ್ಲೂ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಊದಿದರೆ ಹಾರಿಹೋಗುವಷ್ಟು ಹಗುರ. ಅವರೆಯಲ್ಲೋ ಜೋಳದಲ್ಲೋ ಇರುವಂತೆ ಆ ಬೀಜದಲ್ಲಿ ಬುತ್ತಿ ಇರುವುದಿಲ್ಲ. ಭ್ರೂಣಕ್ಕೆ ಆಹಾರವಾಗಬೇಕಿದ್ದ ಭಾಗ ಶುರುವಿನಲ್ಲೇ ನಿಂತುಹೋಗುತ್ತದೆ. ನೆಲಕ್ಕೆ ಬಿದ್ದ ಮೇಲೆ ಸರಿಯಾದ ಶಿಲೀಂಧ್ರ ಜತೆಗೂಡಿದರೆ ಮೊಳಕೆ, ಇಲ್ಲದಿದ್ದರೆ ಇಲ್ಲ. ಹಾಗಾದರೆ ಕಾಯಿಯೊಳಗಿದ್ದಷ್ಟು ಕಾಲ ಆ ಭ್ರೂಣ ಏನನ್ನು ಉಂಡು ಬೆಳೆಯುತ್ತದೆ? ಕೆಲವು ಆರ್ಕಿಡ್‌ಗಳಲ್ಲಿ ಭ್ರೂಣದ ಬುಡದಿಂದ ಉದ್ದನೆಯ ಕೋಶಗಳು ಹೊರಟು, ಬೀಜದ ಬಾಯಿಂದ ಆಚೆಗೆ ಚಾಚಿ, ತಾಯಿಗಿಡದ ಅಂಗಾಂಶದಿಂದ ಆಹಾರ ಎಳೆದುಕೊಳ್ಳುತ್ತವೆ. ಯಾವ ಜಾತಿಯಲ್ಲಿ ಇದು ಹೇಗೆ, ಭ್ರೂಣದ ಮೊದಲ ಕೋಶ ಯಾವ ದಿಕ್ಕಿಗೆ ಒಡೆಯುತ್ತದೆ, ಎರಡನೆಯದು ಎತ್ತ ತಿರುಗುತ್ತದೆ ಎಂದು ಒಂದೊಂದಾಗಿ ನೋಡಿ, ಚಿತ್ರ ಬರೆದು, ಬಗೆಗಳಾಗಿ ವಿಂಗಡಿಸಿದವರು ಸ್ವಾಮಿ. ಆರ್ಕಿಡ್ ಭ್ರೂಣಶಾಸ್ತ್ರದ ಮೇಲೆ 1949ರಲ್ಲಿ ಅಮೆರಿಕದ ನಿಯತಕಾಲಿಕವೊಂದರಲ್ಲಿ ಎರಡು ಭಾಗವಾಗಿ ಬಂದ ಅವರ ದೀರ್ಘ ಪ್ರಬಂಧವನ್ನು ಆ ವಿಷಯದಲ್ಲಿ ಕೆಲಸ ಮಾಡುವವರು ಈಗಲೂ ಉಲ್ಲೇಖಿಸುತ್ತಾರೆ.

ಆ ಕೆಲಸ ಕೈಯಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿದರೆ ಮನುಷ್ಯನ ಸ್ವಭಾವವೂ ಸ್ವಲ್ಪ ತಿಳಿದೀತು. ಹೂ ಅರಳಿ, ಪರಾಗಸ್ಪರ್ಶವಾದ ದಿನದಿಂದ ಕಾಯಿಯನ್ನು ಹಂತಹಂತವಾಗಿ ಕೀಳಬೇಕು. ಕಿತ್ತ ಕೂಡಲೇ ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೋಹಾಲು ಬೆರೆಸಿದ ದ್ರಾವಣಕ್ಕೆ ಹಾಕಬೇಕು. ಕೋಶಗಳು ಇದ್ದ ಸ್ಥಿತಿಯಲ್ಲೇ ನಿಲ್ಲುತ್ತವೆ. ಆಮೇಲೆ ಮೆಲ್ಲಮೆಲ್ಲಗೆ ನೀರನ್ನೆಲ್ಲ ತೆಗೆದು, ಆ ಜಾಗಕ್ಕೆ ಕರಗಿದ ಮೇಣ ತುಂಬಿ, ಆರಿಸಿ ಅಚ್ಚು ಮಾಡುತ್ತಾರೆ. ಆ ಮೇಣದ ತುಂಡನ್ನು ಮೈಕ್ರೋಟೋಮಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಬ್ಲೇಡಿನಿಂದ ರಿಬ್ಬನ್ನಿನ ಹಾಗೆ ತೆಳು ಪದರಗಳು ಒಂದಕ್ಕೊಂದು ಅಂಟಿಕೊಂಡು ಇಳಿಯುತ್ತವೆ. ಒಂದು ಪದರದ ದಪ್ಪ ಸುಮಾರು ಹತ್ತು ಮೈಕ್ರಾನು, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಬೇಸಿಗೆಯಲ್ಲಿ ಮೇಣ ಮೆತ್ತಗಾದರೆ ರಿಬ್ಬನ್ ಮುದುಡುತ್ತದೆ. ಬ್ಲೇಡಿನಲ್ಲಿ ಕಾಣದಷ್ಟು ಮುಕ್ಕಿದ್ದರೂ ಪದರದ ಉದ್ದಕ್ಕೂ ಗೀರು ಬೀಳುತ್ತದೆ. ಎಲ್ಲ ಸರಿಹೋದರೆ ಪದರಗಳನ್ನು ಗಾಜಿನ ಮೇಲೆ ಕ್ರಮ ತಪ್ಪದಂತೆ ಅಂಟಿಸಿ, ಮೇಣ ಕರಗಿಸಿ, ಬಣ್ಣ ಹಾಕಿ, ಮುಚ್ಚಿ, ಒಣಗಿಸಿ, ಅಲ್ಲಿಂದ ಮುಂದೆ ನೋಡುವ ಕೆಲಸ. ಒಂದು ಭ್ರೂಣ ಹತ್ತಾರು ಪದರಗಳಲ್ಲಿ ಹರಿದುಹೋಗಿರುತ್ತದೆ. ಅದನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿ ಕಾಗದದ ಮೇಲೆ ಬರೆಯಬೇಕು. ಸ್ವಾಮಿ ಒಳ್ಳೆಯ ಚಿತ್ರಗಾರ. ತಮ್ಮ ಕನ್ನಡ ಪುಸ್ತಕಗಳಿಗೆ ತಾವೇ ಬರೆದ ರೇಖಾಚಿತ್ರಗಳನ್ನು ನಾವು ಅಲಂಕಾರವೆಂದು ನೋಡಿ ಪುಟ ಮಗುಚುತ್ತೇವೆ. ಆ ಗೆರೆ ಪಳಗಿದ್ದು ಈ ಗಾಜಿನ ತುಂಡುಗಳ ಎದುರು.

ಇಂಥ ಕೈ ಇದ್ದವರಿಗೆ ಹಾರ್ವರ್ಡಿನಲ್ಲಿ ಸಿಕ್ಕ ಗುರು ಇರ್ವಿಂಗ್ ಡಬ್ಲ್ಯೂ. ಬೈಲಿ. ಮರದ ಒಳರಚನೆಯ ವಿಷಯದಲ್ಲಿ ಆಗ ಬೈಲಿ ಹೇಳಿದ್ದೇ ಕೊನೆಯ ಮಾತು ಎನ್ನಬಹುದಿತ್ತು. ಅವರ ತಂದೆ ಸೋಲನ್ ಬೈಲಿ ಖಗೋಳವಿಜ್ಞಾನಿ. ಮಗ ಬಾಲ್ಯದ ಕೆಲವು ವರ್ಷ ಕಳೆದದ್ದು ಪೆರು ದೇಶದಲ್ಲಿ, ತಂದೆ ಕಟ್ಟಿದ ವೀಕ್ಷಣಾಲಯದ ಆಸುಪಾಸಿನಲ್ಲಿ. ದೊಡ್ಡವರ ಮಕ್ಕಳಾಗಿ ಹುಟ್ಟಿ ತಂದೆಯ ದಾರಿ ಬಿಟ್ಟು ತಮ್ಮದೇ ದಾರಿ ಹಿಡಿದ ಇಬ್ಬರು ಒಂದೇ ಮೇಜಿನ ಎದುರು ಬದುರು ಕೂತದ್ದು ನನಗೆ ಬರೀ ಆಕಸ್ಮಿಕವಾಗಿ ಕಾಣುವುದಿಲ್ಲ, ಆದರೆ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಬೈಲಿಯವರನ್ನು ಕಾಡುತ್ತಿದ್ದ ಪ್ರಶ್ನೆ ಹಳೆಯದು. ಪಳೆಯುಳಿಕೆಗಳ ದಾಖಲೆಯಲ್ಲಿ ಹೂಗಿಡಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಬಹುಬೇಗ ಲೋಕವನ್ನೆಲ್ಲ ತುಂಬಿಬಿಡುತ್ತವೆ. ಇದು ಬಿಡಿಸಲಾಗದ ಒಗಟು ಎಂದು ಡಾರ್ವಿನ್ 1879ರಲ್ಲೇ ಗೆಳೆಯ ಹೂಕರ್‌ಗೆ ಪತ್ರ ಬರೆದು ತೋಡಿಕೊಂಡಿದ್ದ. ಮೊದಲ ಹೂ ಹೇಗಿತ್ತು? ಯಾವ ಗಿಡದಲ್ಲಿ ಅರಳಿತು? ಕಲ್ಲಿನಲ್ಲಿ ಉತ್ತರ ಸಿಗದಿದ್ದರೆ, ಇಂದು ಬದುಕಿರುವ ಗಿಡಗಳಲ್ಲೇ ಹಳೆಯ ಕಾಲದ ಗುರುತು ಉಳಿಸಿಕೊಂಡವನ್ನು ಹುಡುಕೋಣ ಎಂಬುದು ಬೈಲಿಯವರ ಹಾದಿ.

ಆ ಗುರುತುಗಳಲ್ಲಿ ಒಂದು ಮರದೊಳಗೆ ನೀರು ಹರಿಯುವ ಬಗೆ. ಮಾವು, ಹೊಂಗೆ, ಬೇವು, ಯಾವುದೇ ಸಾಮಾನ್ಯ ಹೂಮರದ ಕಾಂಡದಲ್ಲಿ ನೀರು ಏರುವುದು ನಾಳಗಳಲ್ಲಿ. ಕೋಶದ ಮೇಲೆ ಕೋಶ ಕೂತು, ನಡುವಿನ ಗೋಡೆಗೆ ತೂತು ಬಿದ್ದು, ಉದ್ದನೆಯ ಕೊಳವೆಯಾಗಿರುತ್ತದೆ. ಪೈನ್, ಅರೌಕೇರಿಯಗಳಲ್ಲಿ ಈ ಕೊಳವೆ ಇಲ್ಲ. ಅಲ್ಲಿರುವುದು ಎರಡು ತುದಿಯೂ ಮುಚ್ಚಿದ ಸಣ್ಣ ಕೋಶಗಳು, ಟ್ರಾಕೀಡುಗಳು. ನೀರು ಒಂದರಿಂದ ಇನ್ನೊಂದಕ್ಕೆ ಗೋಡೆಯ ತೆಳು ಕುಳಿಗಳ ಮೂಲಕ ಜಿನುಗುತ್ತಾ ಹೋಗಬೇಕು. ಟ್ರಾಕೀಡು ಹಳೆಯದು, ಅದರಿಂದಲೇ ನಾಳ ಹುಟ್ಟಿತು ಎಂಬುದನ್ನು ಬೈಲಿ ಮತ್ತು ಟಪ್ಪರ್ 1918ರಷ್ಟು ಹಿಂದೆಯೇ ಕೋಶಗಳ ಉದ್ದ ಅಳೆದು ವಾದಿಸಿದ್ದರು. ಹೂ ಬಿಟ್ಟೂ ನಾಳವಿಲ್ಲದ ಗಿಡ ಸಿಕ್ಕರೆ? ಹಳೆಯ ಮನೆತನದ ಕುಡಿ ಸಿಕ್ಕಂತೆಯೇ.

ಅಂಥದ್ದೊಂದು ಗಿಡ ಅಂಬೊರೆಲ್ಲಾ. ಆಸ್ಟ್ರೇಲಿಯದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿರುವ ನ್ಯೂ ಕ್ಯಾಲಿಡೋನಿಯ ದ್ವೀಪವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಬೆಳೆಯದ ಪೊದೆಮರ. ಮಳೆಕಾಡಿನ ದೊಡ್ಡ ಮರಗಳ ನೆರಳಿನಲ್ಲಿ ಬದುಕುವ, ತೀರಾ ಪುಟ್ಟ ಹೂ ಬಿಡುವ, ಗಂಡು ಹೆಣ್ಣು ಬೇರೆ ಬೇರೆ ಗಿಡವಾಗಿರುವ ಜಾತಿ. ಆ ದ್ವೀಪ ನಮಗೆ ದೂರದ್ದು ಅನ್ನಿಸುತ್ತದೆ, ಆದರೆ ಅಲ್ಲಿನ ಇನ್ನೊಂದು ಮರ ದಕ್ಷಿಣ ಬೆಂಗಳೂರಿನವರಿಗೆ ಬಲು ಪರಿಚಿತ. ಲಾಲ್‌ಬಾಗಿನಲ್ಲೂ ಹಳೆಯ ಬಂಗಲೆಗಳ ಅಂಗಳದಲ್ಲೂ ನೆಟ್ಟಗೆ ಆಕಾಶಕ್ಕೆ ನಿಂತಿರುವ, ಜನ ‘ಕ್ರಿಸ್‌ಮಸ್ ಮರ’ ಎಂದೇ ಕರೆಯುವ ಅರೌಕೇರಿಯದ ತವರೂ ನ್ಯೂ ಕ್ಯಾಲಿಡೋನಿಯವೇ. ಬೆಳಗಿನ ವಾಕಿಂಗಿನವರು ದಿನಾ ಅದರ ಬುಡ ಬಳಸಿ ಹೋಗುತ್ತಾರೆ.

ಅಂಬೊರೆಲ್ಲಾವನ್ನು ಆವರೆಗೆ ಮೋನಿಮಿಯೇಸಿ ಎಂಬ ಇನ್ನೊಂದು ಕುಟುಂಬಕ್ಕೆ ಸೇರಿಸಿಟ್ಟಿದ್ದರು. ಬೈಲಿ ಮತ್ತು ಸ್ವಾಮಿ ಅದರ ಮರ, ಎಲೆ, ಹೂ, ಪರಾಗ ಎಲ್ಲವನ್ನೂ ಪರೀಕ್ಷಿಸಿ, ಇದರ ಕಾಂಡದಲ್ಲಿ ನಾಳವೇ ಇಲ್ಲ, ಇದು ಆ ಕುಟುಂಬದ್ದಲ್ಲ, ನಾಳವಿಲ್ಲದ ಹೂಗಿಡಗಳಲ್ಲೇ ಇದೊಂದು ಹೊಸ ಮಾದರಿ ಎಂದು ತೋರಿಸಿದರು. 1948ರ ಪ್ರಬಂಧದ ಸಾರ ಇದು. ಮರುವರ್ಷ ಇದೇ ಜೋಡಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಮಳೆಕಾಡಿನ ಬಳ್ಳಿ ಆಸ್ಟ್ರೋಬೈಲಿಯದ ಮೇಲೂ ಬರೆದರು. ಫಿಜಿ ದ್ವೀಪದ ಡಿಜೆನೀರಿಯ ಎಂಬ ಮರದ ಮೇಲೆ ಸ್ವಾಮಿ ಒಬ್ಬರೇ ಇನ್ನೊಂದು ದೀರ್ಘ ಪ್ರಬಂಧ ಬರೆದರು, ಅದೂ 1949ರಲ್ಲೇ. ಈ ಎರಡು ಮೂರು ವರ್ಷಗಳಲ್ಲಿ ಅವರ ಕೈಯಲ್ಲಿ ಹಾದುಹೋದ ಗಿಡಗಳ ಪಟ್ಟಿ ನೋಡಿದರೆ ಮೈ ನವಿರೇಳುತ್ತದೆ. ಹೂಗಿಡಗಳ ವಂಶವೃಕ್ಷದ ಬುಡದ ಕೊಂಬೆಗಳನ್ನೇ ಆರಿಸಿ ಆರಿಸಿ ಹಿಡಿದಂತಿದೆ.

ಡಿಜೆನೀರಿಯದಿಂದ ಹೊರಟ ಒಂದು ವಿಚಾರ 1951ರ ಇನ್ನೊಂದು ಜಂಟಿ ಪ್ರಬಂಧದಲ್ಲಿ ಮೈದಳೆಯಿತು. ಸ್ವಾಮಿಯವರ ಹೆಸರು ಪಠ್ಯಪುಸ್ತಕ ಸೇರಿದ್ದು ಮುಖ್ಯವಾಗಿ ಅದರಿಂದ. ಹೂವಿನೊಳಗೆ ಬೀಜವನ್ನು ಹೊತ್ತು ಕಾಯುವ ಅಂಗ ಕಾರ್ಪೆಲ್. ಬೀಜ ಬಯಲಾಗಿ ಬಿದ್ದಿರುವ ಪೈನಿಗೂ, ಬೀಜ ಮುಚ್ಚಿಟ್ಟ ಮಾವಿಗೂ ಇರುವ ಮೂಲ ವ್ಯತ್ಯಾಸವೇ ಇದು. ಈ ಕಾರ್ಪೆಲ್ ಎಲ್ಲಿಂದ ಬಂತು? ಬೈಲಿ, ಸ್ವಾಮಿ ಇಬ್ಬರ ಉತ್ತರ: ವೀಳ್ಯದೆಲೆಯನ್ನು ನಡುನರದ ಗುಂಟ ಮಡಿಸಿದಂತೆ ಉದ್ದಕ್ಕೆ ಮಡಚಿಕೊಂಡ ಎಲೆಯೇ ಆದಿಯ ಕಾರ್ಪೆಲ್. ಬೀಜವಾಗುವ ಅಂಡಕಗಳು ಮಡಿಕೆಯ ಒಳಮೈಯಲ್ಲಿ. ಅಂಚು ಅಂಚು ತಾಗಿದ್ದರೂ ಇನ್ನೂ ಬೆಸೆದುಕೊಂಡಿಲ್ಲ. ಆ ತೆರೆದ ಅಂಚಿನ ಉದ್ದಕ್ಕೂ ಇರುವ ಸಣ್ಣ ರೋಮಗಳೇ ಪರಾಗವನ್ನು ಹಿಡಿಯುತ್ತವೆ. ಡಿಜೆನೀರಿಯದ ಹೂವಿನಲ್ಲಿ ಇದು ಕಣ್ಣಿಗೇ ಕಾಣುವಂತಿದೆ. ಮುಂದೆ ಕಾಲ ಕಳೆದಂತೆ ಅಂಚು ಮುಚ್ಚಿತು, ಪರಾಗ ಹಿಡಿಯುವ ಜಾಗ ತುದಿಗೆ ಸರಿಯಿತು, ಹಲವು ಕಾರ್ಪೆಲ್ ಒಂದಕ್ಕೊಂದು ಕೂಡಿ ಇಂದಿನ ಬಗೆಬಗೆಯ ಕಾಯಿಗಳಾದವು.

ಡಿಜೆನೀರಿಯ ನಮಗೆ ಸಿಗುವುದಿಲ್ಲ, ಮಸಾಲೆ ಡಬ್ಬಿಯ ಚಕ್ರಮೊಗ್ಗು ಸಿಗುತ್ತದೆ. ಒಂದನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಸುತ್ತ ಇರುವ ಒಂದೊಂದು ದೋಣಿಯೂ ಒಂದೊಂದು ಬಿಡಿ ಕಾರ್ಪೆಲ್. ಮೇಲಂಚಿನಲ್ಲಿ ಉದ್ದಕ್ಕೆ ಬಿರಿದಿರುತ್ತದೆ, ಒಳಗೆ ಹೊಳೆಯುವ ಕಂದು ಬೀಜ ಕೂತಿರುತ್ತದೆ. ಬಿರಿದ ಗೆರೆ ಯಾವುದೆಂದರೆ ಮಡಚಿದ ಎಲೆಯ ಎರಡು ಅಂಚು ಸೇರಿದ ಜಾಗ. ದೋಣಿಯ ಅಡಿಯೇ ಎಲೆಯ ನಡುನರ. ಚಕ್ರಮೊಗ್ಗಿನ ಗಿಡ ಆಸ್ಟ್ರೋಬೈಲಿಯದ ಸಮೀಪದ ನೆಂಟ ಎಂಬುದು ಇಂದು ಖಚಿತವಾಗಿದೆ. ಗಾಂಧಿ ಬಜಾರಿನಲ್ಲಿ ಸಂಪಿಗೆ ಬಂದ ಕಾಲದಲ್ಲಿ ಒಂದು ಹೂವಿನ ಎಸಳು ಬಿಡಿಸಿ ನೋಡಿದರೂ ಆದೀತು. ನಡುವಿನ ಕಡ್ಡಿಯ ಕೆಳಗೆ ಪಟ್ಟಿಯಂಥ ಕೇಸರಗಳು, ಮೇಲೆ ಸುತ್ತುಸುತ್ತಾಗಿ ಒಂದಕ್ಕೊಂದು ಅಂಟದ ಹಸಿರು ಕಾರ್ಪೆಲ್‌ಗಳು. ಡಿಜೆನೀರಿಯ ಈ ಸಂಪಿಗೆಯ ಗಣಕ್ಕೇ ಸೇರಿದ್ದು.

ಕಾರ್ಪೆಲ್ ಮಡಚಿದ ಎಲೆಯೇ ಎಂಬುದನ್ನು ಮುಂದಿನವರೆಲ್ಲ ಒಪ್ಪಿದರೆಂದಲ್ಲ. ಅಂಬೊರೆಲ್ಲಾದ ಕಾರ್ಪೆಲ್ ಮಡಿಕೆಯಂತಲ್ಲ, ಸಣ್ಣ ಕುಡಿಕೆಯಂತೆ ಬೆಳೆಯುತ್ತದೆ. ಅದೇ ಹಳೆಯ ರೂಪವಿರಬಹುದು ಎನ್ನುವವರು ಇಂದು ಬಹಳ ಮಂದಿ. ಆ ವಾದದಲ್ಲೂ ಮೊದಲು ಎತ್ತಿಕೊಂಡು ಚರ್ಚಿಸುವುದು ಬೈಲಿ–ಸ್ವಾಮಿಯವರ ಮಾತನ್ನೇ.

ಸಾರ್ಕಾಂಡ್ರದ ಕತೆಯೂ ಇಂಥದ್ದೇ, ಅದು ನಮ್ಮ ಕಾಡಿನದು. ಕ್ಲೊರಾಂಥೇಸಿ ಎಂಬ ಸಣ್ಣ ಕುಟುಂಬದ ಪೊದೆ. ಎದುರುಬದುರು ಎಲೆ, ಎಲೆಗೆ ಹಲ್ಲಿನಂಥ ಅಂಚು, ಗೆಣ್ಣು ದಪ್ಪ. ಹೂವಿಗೆ ಎಸಳೇ ಇಲ್ಲ: ಒಂದು ಕಾರ್ಪೆಲ್, ಅದರ ಪಕ್ಕೆಗೆ ಅಂಟಿದ ಒಂದು ಕೇಸರ, ಅಲ್ಲಿಗೆ ಹೂ ಮುಗಿಯಿತು. ದಕ್ಷಿಣ ಭಾರತದ ಎತ್ತರದ ತೇವದ ಕಾಡುಗಳ ನೆರಳಿನಲ್ಲಿ ಇದು ಬೆಳೆಯುತ್ತದೆ. ಇದರ ಕಾಂಡದಲ್ಲೂ ನಾಳವಿಲ್ಲ ಎಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಪ್ರಕಟಿಸಿದರು. 1953ರಲ್ಲಿ ಸ್ವಾಮಿ ದಕ್ಷಿಣ ಭಾರತದ ಒಂದು ಹೊಸ ಜಾತಿಯನ್ನು ಗುರುತಿಸಿ ಅದಕ್ಕೆ ಗುರುವಿನ ಹೆಸರಿಟ್ಟರು, ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಅದೇ ವರ್ಷ ಇಡೀ ಕುಟುಂಬದ ರಚನೆ, ನಂಟಸ್ತನಗಳ ಮೇಲೆ ಅವರ ದೊಡ್ಡ ಪ್ರಬಂಧ ಹೊರಬಂತು. ಅದೇ ಕುಟುಂಬದ ಇನ್ನೊಂದು ಜಾತಿಗೆ ಅವರು ಭಾರತದ ಭ್ರೂಣಶಾಸ್ತ್ರದ ಹಿರಿಯ ಪಿ. ಮಾಹೇಶ್ವರಿಯವರ ಹೆಸರು ಕೊಟ್ಟರು. 1987ರಲ್ಲಿ ಅಮೆರಿಕದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಸಾರ್ಕಾಂಡ್ರದ ಬೇರಿನ ಮರವನ್ನು ಕತ್ತರಿಸಿ ನೋಡಿದಾಗ ಅಲ್ಲಿ ನಾಳಗಳು ಕಂಡವು. ‘ನಾಳವಿಲ್ಲದ ಗಿಡ’ಗಳ ಪಟ್ಟಿಯಿಂದ ಸಾರ್ಕಾಂಡ್ರ ಹೊರಬಿತ್ತು. ಇದನ್ನು ಮುಚ್ಚಿಟ್ಟು ಸ್ವಾಮಿಯವರನ್ನು ಹೊಗಳುವುದು ಅವರಿಗೇ ಅವಮಾನ. ಕಾಂಡದಲ್ಲಿ ಅವರು ಕಂಡದ್ದನ್ನು ಅವರು ಬರೆದರು, ಬೇರಿನಲ್ಲಿ ಇನ್ನೊಬ್ಬರು ಕಂಡದ್ದನ್ನು ಅವರು ಬರೆದರು. ವಿಜ್ಞಾನ ಬೆಳೆಯುವುದೇ ಹೀಗೆ.

ಅಂಬೊರೆಲ್ಲಾದ ಸರದಿ ಬಂದದ್ದು 1999ರಲ್ಲಿ. ಆ ವರ್ಷ ಹಲವು ತಂಡಗಳು ಬೇರೆ ಬೇರೆಯಾಗಿ ಗಿಡಗಳ ಡಿಎನ್‌ಎ ಹೋಲಿಸಿ ಹೂಗಿಡಗಳ ವಂಶವೃಕ್ಷ ಕಟ್ಟಿದವು. ಎಲ್ಲರ ವೃಕ್ಷದಲ್ಲೂ ಬುಡದಲ್ಲೇ ಕವಲೊಡೆದು ನಿಂತದ್ದು ಅಂಬೊರೆಲ್ಲಾ. ಅದರ ನಂತರ ನೈದಿಲೆಯ ಗಣ, ಆಮೇಲೆ ಆಸ್ಟ್ರೋಬೈಲಿಯ ಮತ್ತು ಚಕ್ರಮೊಗ್ಗಿನ ಗಣ. ಅಂಬೊರೆಲ್ಲಾ ಒಂಟಿಯಾಗಿ ಮೊದಲೋ, ನೈದಿಲೆಯ ಜತೆಗೂಡಿ ಮೊದಲೋ ಎಂಬ ಚರ್ಚೆ ಆಮೇಲೂ ನಡೆಯಿತು, ಬುಡ ಅದೇ ಎಂಬುದರಲ್ಲಿ ಭಿನ್ನಮತ ಉಳಿಯಲಿಲ್ಲ. 2013ರಲ್ಲಿ ಅದರ ಪೂರ್ಣ ಜೀನೋಮ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಂದೀಚೆಗೆ ಹೂವಿನ ಹುಟ್ಟಿನ ಬಗ್ಗೆ ಬರೆಯುವ ಯಾರೂ ಆ ಗಿಡವನ್ನು ದಾಟಿ ಹೋಗುವಂತಿಲ್ಲ.

ಇದರಿಂದ ಕಾಡಿನ ಬಗೆಗಿನ ನಮ್ಮ ತಿಳಿವಳಿಕೆಗೂ ಒಂದು ತಿರುವು ಸಿಕ್ಕಿತು. ಮೊದಲ ಹೂಗಿಡ ಬಿಸಿಲಿನ ಬಯಲಿನಲ್ಲಿ ಹುಟ್ಟಿತೋ, ನೀರಿನಲ್ಲೋ, ಕಾಡಿನಲ್ಲೋ ಎಂಬ ವಾದ ಬಹುಕಾಲದ್ದು. ಟೇಲರ್ ಫೀಲ್ಡ್ ಮತ್ತು ಸಂಗಡಿಗರು ಅಂಬೊರೆಲ್ಲಾ, ಆಸ್ಟ್ರೋಬೈಲಿಯ, ಕ್ಲೊರಾಂಥೇಸಿ ಗಿಡಗಳು ನಿಜವಾಗಿ ಬದುಕುವ ಜಾಗಕ್ಕೆ ಹೋಗಿ, ಎಲೆ ಬೆಳಕನ್ನು ಹೇಗೆ ಬಳಸುತ್ತದೆ, ಕಾಂಡ ಎಷ್ಟು ನೀರು ಸಾಗಿಸುತ್ತದೆ ಎಂದು ಅಳೆದರು. 2004ರಲ್ಲಿ ಅವರು ಮುಂದಿಟ್ಟ ವಿಚಾರ: ಆದಿಯ ಹೂಗಿಡಗಳು ಮಂದ ಬೆಳಕಿನ, ತೇವದ ಕಾಡಿನ ಕೆಳಹಂತದಲ್ಲಿ, ತೊರೆಯ ದಂಡೆ, ಕುಸಿದ ಇಳಿಜಾರುಗಳಂಥ ಕದಡಿದ ನೆಲದಲ್ಲಿ ಬದುಕಿದ್ದವು. ನಾಳವಿಲ್ಲದ ಕಾಂಡಕ್ಕೆ ಸುಡುಬಿಸಿಲು ಒಗ್ಗದು, ನೆರಳಿನಲ್ಲಿ ನಿಧಾನವಾಗಿ ನೀರು ಜಿನುಗಿಸಿಕೊಂಡು ಅದು ನಡೆದೀತು. 1948ರ ಕಾಲಕ್ಕೆ ಮೇಣದ ತುಂಡಿನಲ್ಲಿ ಕಂಡ ರಚನೆಯೊಂದು ಇಲ್ಲಿ ಇಡೀ ಕಾಡಿನ ಚರಿತ್ರೆಗೆ ಸಾಕ್ಷಿ ನುಡಿಯಿತು. ದೊಡ್ಡ ಮರ, ದೊಡ್ಡ ಪ್ರಾಣಿ ಎಂದೇ ಕಾಡನ್ನು ಲೆಕ್ಕ ಹಾಕುವ ನಮಗೆ ಘಟ್ಟದ ನೆರಳಿನ ಪೊದೆಗಳು ಕಣ್ಣಿಗೆ ಬೀಳುವುದಿಲ್ಲ. ರಸ್ತೆ ಅಗಲ ಮಾಡುವಾಗ, ಕೆಳಗಿಡ ಸವರಿ ತೋಟ ಮಾಡುವಾಗ ಮೊದಲು ಹೋಗುವುದು ಅವೇ. ಸಾರ್ಕಾಂಡ್ರದಂಥವು ನಿಲ್ಲಬೇಕಾದರೆ ಮೇಲಿನ ನೆರಳೂ ಕೆಳಗಿನ ತೇವವೂ ಒಟ್ಟಿಗೆ ಉಳಿಯಬೇಕು.

1950ರ ದಶಕದಲ್ಲಿ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲೇ ಪ್ರೊಫೆಸರ್, ಮುಂದೆ ಪ್ರಿನ್ಸಿಪಾಲ್. ಆ ಕಾಲದ ಅನುಭವಗಳನ್ನು ‘ಪ್ರಾಧ್ಯಾಪಕನ ಪೀಠದಲ್ಲಿ’, ‘ತಮಿಳು ತಲೆಗಳ ನಡುವೆ’ ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೇಳಬೇಕಾದ್ದು ಅಲ್ಲಿ ಅವರು ಶಿಷ್ಯರ ಜತೆ ಮಾಡಿದ ಕೆಲಸ. ಎನ್. ಪರಮೇಶ್ವರನ್ ಜತೆಗೆ ಏಕದಳ ಸಸ್ಯಗಳ ಒಂದು ಬಗೆಯ ಭ್ರೂಣಾಹಾರದ ಮೇಲೆ 1963ರಲ್ಲಿ ಬರೆದ ಐವತ್ತು ಪುಟದ ವಿಮರ್ಶೆ ಇಂಗ್ಲೆಂಡಿನ ‘ಬಯಾಲಜಿಕಲ್ ರಿವ್ಯೂಸ್’ನಲ್ಲಿ ಬಂತು. ಕೆ.ವಿ. ಕೃಷ್ಣಮೂರ್ತಿಯವರ ಜತೆಗೂಡಿ ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರದ ಪಠ್ಯ ಬರೆದರು. ಅದು 1980ರಲ್ಲಿ ಪ್ರಕಟವಾಯಿತು, ಅದೇ ವರ್ಷ ನವೆಂಬರಿನಲ್ಲಿ ಸ್ವಾಮಿ ತೀರಿಕೊಂಡರು.

ಆ ಹೊತ್ತಿಗೆ ಕನ್ನಡ ಅವರನ್ನು ಬೇರೆ ಕಾರಣಕ್ಕೆ ಎದೆಗಪ್ಪಿಕೊಂಡಾಗಿತ್ತು. ಪುಟ್ಟಣ್ಣ ಕಣಗಾಲ್ 1976ರಲ್ಲಿ ‘ಕಾಲೇಜು ರಂಗ’ವನ್ನು ತೆರೆಗೆ ತಂದಿದ್ದರು, 1978ರಲ್ಲಿ ‘ಹಸುರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿತ್ತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟ ಹತ್ತುವ ಆ ಪುಸ್ತಕ ವಿನೋದದ ಪ್ರವಾಸ ಕಥನ ಮಾತ್ರ ಎಂದು ನಾನು ನಂಬುವುದಿಲ್ಲ. ಮರ ಎದುರಾದೊಡನೆ ಅದರ ಹೆಸರು, ಹಳೆಯ ಕಾವ್ಯದಲ್ಲಿ ಅದರ ಜಾಗ, ಎಲೆಯ ಜೋಡಣೆ, ಹೂವಿನ ಒಳಗು ಎಲ್ಲವೂ ಸಲೀಸಾಗಿ ಒಂದೇ ಪುಟಕ್ಕೆ ಬರುತ್ತವೆ. ಹತ್ತು ಮೈಕ್ರಾನಿನ ಪದರಗಳನ್ನು ವರ್ಷಗಟ್ಟಲೆ ನೋಡಿದವರಿಗಲ್ಲದೆ ಅಷ್ಟು ಹಗುರವಾಗಿ ಅಷ್ಟು ಖಚಿತವಾಗಿ ಬರೆಯಲು ಬಾರದು.

ಸ್ವಾಮಿ ತಮ್ಮ ಅಮೆರಿಕವಾಸದ ಕತೆಯನ್ನು ‘ಅಮೆರಿಕದಲ್ಲಿ ನಾನು’ ಎಂದು ಕನ್ನಡಿಗರಿಗೆ ಹೇಳಿದರು. ಅಲ್ಲಿ ಮಾಡಿದ ಕೆಲಸ ಮಾತ್ರ ಇಂಗ್ಲಿಷಿನ ಪ್ರಬಂಧಗಳಲ್ಲೇ ಉಳಿದಿದೆ. ನಮ್ಮಲ್ಲಿ ಸಸ್ಯಶಾಸ್ತ್ರ ಬಲ್ಲ, ಕನ್ನಡವನ್ನೂ ಚೆನ್ನಾಗಿ ಬರೆಯುವ ಮೇಷ್ಟ್ರುಗಳು ಇದ್ದಾರೆ, ಅವರ ಪುಸ್ತಕ ಅಚ್ಚು ಹಾಕುವ ಪ್ರಕಾಶಕರೂ ಇದ್ದಾರೆ. ಅಂಬೊರೆಲ್ಲಾ, ಆಸ್ಟ್ರೋಬೈಲಿಯ, ಡಿಜೆನೀರಿಯ, ಕಾರ್ಪೆಲ್, ಕ್ಲೊರಾಂಥೇಸಿ. ಈ ಐದು ಪ್ರಬಂಧಗಳನ್ನು ಮೂಲದ ಚಿತ್ರಗಳ ಸಮೇತ, ಕಾರ್ಲ್‌ಕ್ವಿಸ್ಟ್ ತಿದ್ದಿದ್ದನ್ನೂ 1999ರ ನಂತರ ತಿಳಿದದ್ದನ್ನೂ ಟಿಪ್ಪಣಿಯಲ್ಲಿ ಸೇರಿಸಿ, ಪಿಯುಸಿ ಓದಿದವರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಸ್ತಕ ಮಾಡಬೇಕು. ಕಪಾಟಿನಲ್ಲಿ ‘ಹಸುರು ಹೊನ್ನು’ವಿನ ಪಕ್ಕ ಅದಕ್ಕೆ ಜಾಗ ಬಿಡಲು ಓದುಗರು ತಯಾರಿದ್ದಾರೆ.